ಪಾರ್ಸಿಗಳ ಬೆಂಕಿ, ಕಬಿನಿಯ ರಣಹದ್ದು

ನಮ್ಮ ಅಂಗಡಿಗಳಲ್ಲಿ ಟಾಟಾ ಉಪ್ಪು, ಮನೆಗಳಲ್ಲಿ ಗೋದ್ರೇಜ್ ಕಪಾಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಳಬರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುತ್ತಾರೆ. ಈ ಹೆಸರುಗಳ ಹಿಂದಿರುವ ಪಾರ್ಸಿಗಳು 2011ರ ಜನಗಣತಿಯಲ್ಲಿ ದೇಶದಲ್ಲೆಲ್ಲ ಸೇರಿ 57,264 ಮಂದಿ. ನಮ್ಮ ಮರಕ್ಕಡವಿನಿಂದ ಕಬಿನಿ ದಾಟಿದರೆ ಸಿಗುವ ಹೆಗ್ಗಡದೇವನಕೋಟೆ ತಾಲೂಕಿನ ಕಾಲು ಭಾಗದಷ್ಟೂ ಇಲ್ಲ. 1941ರಲ್ಲಿ ಅವರು ಸುಮಾರು 1,14,000 ಇದ್ದರು.

ಪಾರ್ಸಿಗಳದ್ದು ಜರತುಷ್ಟ್ರನ ಧರ್ಮ. ಇರಾನಿನಲ್ಲಿ ಅರಬರ ಆಳ್ವಿಕೆ ಬಂದ ಮೇಲೆ ಅವರಲ್ಲಿ ಕೆಲವರು ಹಡಗು ಹತ್ತಿ ಗುಜರಾತಿನ ಸಂಜಾಣಕ್ಕೆ ಬಂದರು. ಅಲ್ಲಿ ಗುಜರಾತಿಯನ್ನೇ ಮನೆಮಾತು ಮಾಡಿಕೊಂಡರು, ಹೆಂಗಸರು ಸೀರೆ ಉಟ್ಟರು. ಪ್ರಾರ್ಥನೆ ಮಾತ್ರ ಹಳೆಯ ಅವೆಸ್ತಾ ಭಾಷೆಯಲ್ಲೇ ಉಳಿಯಿತು. ಅವರ ಅತಿ ಪವಿತ್ರವಾದ 'ಇರಾನ್‌ಶಾ' ಬೆಂಕಿ ಹಲವು ಊರು ಅಲೆದು 1742ರಿಂದ ಉದ್ವಾಡದಲ್ಲಿದೆ. ಇರಾನಿನಲ್ಲೇ ಉಳಿದವರನ್ನೂ ಅವರು ಮರೆಯಲಿಲ್ಲ. 1854ರಲ್ಲಿ ಮುಂಬಯಿಯ ಪಾರ್ಸಿಗಳು ಮಾಣೆಕ್‌ಜಿ ಲಿಮ್‌ಜಿ ಹಟಾರಿಯಾ ಅವರನ್ನು ಅಲ್ಲಿಗೆ ಕಳುಹಿಸಿದರು. ಅವರ ವರ್ಷಗಳ ಓಡಾಟದ ನಂತರ 1882ರಲ್ಲಿ ಇರಾನಿನ ಷಾ ಈ ಜನರ ಮೇಲಿದ್ದ ಜಿಜ್ಯಾ ತೆರಿಗೆಯನ್ನು ರದ್ದು ಮಾಡಿದ.

ವ್ಯಾಪಾರ ಅವರನ್ನು ನಮ್ಮ ಕಡೆಗೂ ತಂದಿತು. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ 1926ರಲ್ಲಿ ಅಗ್ನಿಮಂದಿರ ಎದ್ದಿತು. ವಯನಾಡಿನಿಂದ ಘಾಟಿ ಇಳಿದರೆ ಸಿಗುವ ಕೋಝಿಕ್ಕೋಡಿನ ಮಿಠಾಯಿ ತೆರುವಿನಲ್ಲಿ, ಬಟ್ಟೆ ಮತ್ತು ಹಲ್ವ ಅಂಗಡಿಗಳ ಸಾಲಿನ ನಡುವೆ, ಅವರ ಹಳೆಯ ಅಂಜುಮನ್ ಬಾಗ್ ಇದೆ. ಒಳಗೆ ಗೋರಿಗಳಿವೆ. ಪಾರ್ಸಿಗಳ ಪದ್ಧತಿಯಂತೆ ಶವವನ್ನು 'ದಖ್ಮಾ' ಎಂಬ ಎತ್ತರದ ಗೋಪುರದಲ್ಲಿಟ್ಟು ರಣಹದ್ದುಗಳಿಗೆ ಬಿಡಬೇಕು. ಆದರೆ ದಖ್ಮಾ ಇಲ್ಲದ ಊರಿನಲ್ಲಿ ಅವರು ಹೂಳುವುದನ್ನೂ ಒಪ್ಪಿಕೊಂಡರು. ಒಂದು ಕಾಲಕ್ಕೆ ಹಲವು ವ್ಯಾಪಾರಿ ಮನೆತನಗಳಿದ್ದ ಆ ನಗರದಲ್ಲಿ ಕೊನೆಗೆ ಉಳಿದದ್ದು ಒಂದೇ ಕುಟುಂಬ.

ಮುಂಬಯಿಯ ದಖ್ಮಾಗಳ ಕಥೆ ಬೇರೆ. 1990ರ ದಶಕದಲ್ಲಿ ದೇಶದ ರಣಹದ್ದುಗಳು ಸಾಯತೊಡಗಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸುವ ಹೊತ್ತಿಗೆ ಹೆಚ್ಚಿನ ಹಕ್ಕಿಗಳು ಹೋಗಿಯಾಗಿತ್ತು. ದಖ್ಮಾದ ಮೇಲೆ ಬಿಸಿಲನ್ನು ಒಂದೆಡೆ ಸೇರಿಸಿ ಹಾಯಿಸುವ ಸೌರ ಪ್ರತಿಫಲಕಗಳನ್ನು ಹಾಕಿದರು. ಯಂತ್ರದ ಕೆಲಸ ಬಲ್ಲವರಿಗೆ ಅದರ ಮಿತಿ ತಕ್ಷಣ ತಿಳಿಯುತ್ತದೆ: ಮುಂಬಯಿಯ ಮಳೆಗಾಲದಲ್ಲಿ ಮೋಡ ಕವಿದರೆ ಅದು ನಡೆಯುವುದಿಲ್ಲ. ಹಾಗಾಗಿ ಕೆಲವರು ವಿದ್ಯುತ್ ಚಿತಾಗಾರಕ್ಕೆ ಹೋದರು. ಬೆಂಕಿಯನ್ನು ಶವದಿಂದ ಮೈಲಿಗೆ ಮಾಡಬಾರದು ಎನ್ನುವವರಿಗೆ ಇದು ಸಣ್ಣ ವಿಷಯವಲ್ಲ.

ಅದೇ ರಣಹದ್ದುಗಳು ಕೇರಳದಲ್ಲಿ ಇಂದು ಉಳಿದಿರುವುದು ನಮ್ಮ ವಯನಾಡಿನ ಕಾಡಿನಲ್ಲಿ. ನದಿಯಾಚೆ ನಾಗರಹೊಳೆ, ಬಂಡೀಪುರದಲ್ಲೂ ಇವೆ. ಇಲ್ಲಿ ಅವಕ್ಕೆ ಕಾಡುಪ್ರಾಣಿಗಳ ಶವ ಸಿಗುತ್ತದೆ, ಅದರಲ್ಲಿ ಆ ಔಷಧಿ ಇರುವುದಿಲ್ಲ. ಪಾರ್ಸಿಗಳು ತಮ್ಮ ಆಚಾರವನ್ನು ಎಷ್ಟೇ ಜೋಪಾನ ಮಾಡಲಿ, ಯಾವುದೋ ಹಳ್ಳಿಯ ದನದ ಔಷಧಿ ಅದನ್ನು ಕೆಡಿಸಬಲ್ಲದು ಎಂದಾಯಿತು.

ಆದರೆ ಜನಸಂಖ್ಯೆ ಕುಸಿಯಲು ಹಕ್ಕಿ ಕಾರಣವಲ್ಲ. ತಡವಾಗಿ ಮದುವೆ, ಮದುವೆಯೇ ಆಗದವರು, ಕಡಿಮೆ ಮಕ್ಕಳು, ವಲಸೆ: ಇವು ಕಾರಣಗಳು. ಜೊತೆಗೆ ಪಾರ್ಸಿ ಯಾರು ಎಂಬ ಪ್ರಶ್ನೆ. 1908ರಲ್ಲಿ ಬಾಂಬೆ ಹೈಕೋರ್ಟ್ ನೀಡಿದ ತೀರ್ಪಿನ ನೆರಳಿನಲ್ಲಿ, ಹೊರಗೆ ಮದುವೆಯಾದ ಗಂಡಸಿನ ಮಕ್ಕಳು ಒಳಗೆ, ಹೆಂಗಸಿನ ಮಕ್ಕಳು ಹೊರಗೆ ಎಂಬ ರೂಢಿ ಬೇರೂರಿತು. 2013ರಲ್ಲಿ ಕೇಂದ್ರ ಸರ್ಕಾರ 'ಜಿಯೋ ಪಾರ್ಸಿ' ಯೋಜನೆ ತಂದು ಮಕ್ಕಳಾಗದ ದಂಪತಿಗಳ ಚಿಕಿತ್ಸೆಗೆ ನೆರವು ಕೊಟ್ಟಿತು. ಆದರೆ ಯಾರ ಮಗು ನಮ್ಮದು ಎಂದು ಸರ್ಕಾರ ಹೇಳಲಾರದು.

ನಾವು ಬ್ಯಾರಿಗಳೂ ಸಣ್ಣ ಸಂಖ್ಯೆಯವರೇ, ವ್ಯಾಪಾರದಿಂದ ಊರೂರಿಗೆ ಹೋದವರೇ. ಅವರು ಮಾತು ಬಿಟ್ಟು ಬೆಂಕಿ ಉಳಿಸಿಕೊಂಡರು. ನಮ್ಮಲ್ಲಿ ಇನ್ನೂ ಮಾತು ಇದೆ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಬ್ಯಾರಿ ತಪ್ಪುತಪ್ಪಾಗಿ ಬಂದರೆ ನಗುವ ಮೊದಲು, ಆ ಮಕ್ಕಳನ್ನು ನಾವು ಒಳಗೆ ಎಣಿಸುತ್ತಿದ್ದೇವೆಯೇ ಎಂದು ಕೇಳಿಕೊಳ್ಳೋಣ.