ನಡುಗದ ನೆಲದ ನಕ್ಷೆ

ತುಮಕೂರು ಸೀಮೆಯವರಿಗೆ ಭೂಕಂಪವೆಂದರೆ ದೂರದ ಸುದ್ದಿ. ನೇಪಾಳ, ಜಪಾನ್, ಕಛ್ ನಡುಗುತ್ತವೆ. ಗುಬ್ಬಿ, ಕುಣಿಗಲ್ ನಡುಗುವುದಿಲ್ಲ. ಯಾಕೆ?

ಒಂದು ಉತ್ತರ ದೇವರಾಯನದುರ್ಗದ ಬಂಡೆಯಲ್ಲೇ ಇದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನು ಹೊತ್ತ ಗ್ರಾನೈಟ್ ಪಟ್ಟಿ ಶಿವಗಂಗೆ, ಮಧುಗಿರಿಗಳನ್ನು ಹಾದು ಉತ್ತರಕ್ಕೆ ಹೋಗುತ್ತದೆ. ಕನ್ನಡದಲ್ಲೂ ಬರೆದ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಸುತ್ತಲಿನ ನೈಸ್ ಶಿಲೆ ಇನ್ನೂ ಹಳೆಯದು. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡದ ಬಹುಪಾಲು ಸಿಡಿಯುವುದು ಅಂಚಿನಲ್ಲಿ: 1934ರಲ್ಲಿ ಬಿಹಾರ-ನೇಪಾಳ, 1950ರಲ್ಲಿ ಅಸ್ಸಾಂ. ನಾವಿರುವುದು ಫಲಕದ ಒಳನಾಡಿನಲ್ಲಿ, ತಣ್ಣಗಾಗಿ ಗಟ್ಟಿಯಾದ ಕಲ್ಲಿನ ಮೇಲೆ.

ಈ ಮೌನಕ್ಕೆ ಬೆಲೆಯೂ ಬಂತು. 1960ರ ದಶಕದಲ್ಲಿ ಮಧುಗಿರಿಯ ಪಕ್ಕದ ಗೌರಿಬಿದನೂರಿನಲ್ಲಿ ಅಣುಶಕ್ತಿ ಸಂಸ್ಥೆಯವರು ಬ್ರಿಟನ್ನಿನ ಸಹಕಾರದಿಂದ ಭೂಕಂಪಮಾಪಕಗಳ ಸಾಲನ್ನೇ ಹೂಡಿದರು. ದೂರದೇಶಗಳ ಅಣುಸ್ಫೋಟದ ಸದ್ದು ಕೇಳಲು ಗದ್ದಲವಿಲ್ಲದ ಗಟ್ಟಿ ನೆಲ ಬೇಕಿತ್ತು. ನಡುಗದ ನೆಲ ಲೋಕದ ನಡುಕಕ್ಕೆ ಕಿವಿಯಾಯಿತು!

ಆದರೆ ‘ಅಪರೂಪ’ ಎಂಬುದನ್ನು ನಾವು ‘ಇಲ್ಲವೇ ಇಲ್ಲ’ ಎಂದು ಓದಿಕೊಂಡೆವು. ಹಳೆಯ ಕಲ್ಲಿನಲ್ಲಿ ಹಳೆಯ ಬಿರುಕುಗಳೂ ಇರುತ್ತವೆ. ಅಂಚಿನ ಒತ್ತಡದ ಅಲ್ಪಾಂಶ ಅಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತದೆ. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿತು. ಅಲ್ಲಿ ಹೊಸ ಜಲಾಶಯದ ಭಾರ, ಬಿರುಕಿಗಿಳಿದ ನೀರು ಕೆಲಸ ಮಾಡಿದ್ದವು. (ಕುಣಿಗಲ್ ಕೆರೆಯನ್ನು ನೋಡಿ ಹೆದರಬೇಕಿಲ್ಲ, ಕೊಯ್ನಾ ಅಣೆಕಟ್ಟಿನ ಎತ್ತರ ನೂರು ಮೀಟರ್ ದಾಟುತ್ತದೆ.) ಕಿಲ್ಲಾರಿಯದು ಇನ್ನೂ ಕಠಿಣ ಪಾಠ. ನಮ್ಮ ಬೀದರ್‌ಗೆ ಅಂಟಿಕೊಂಡ ಲಾತೂರು ಜಿಲ್ಲೆಯ ಊರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಗೋಡೆಗಳು ಉರುಳಿದವು. ಕಂಪನದ ಪ್ರಮಾಣ ಆರಕ್ಕಿಂತ ತುಸು ಹೆಚ್ಚು. ಹಿಮಾಲಯದ ಲೆಕ್ಕದಲ್ಲಿ ದೊಡ್ಡದೇನಲ್ಲ. ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಕೊಂದದ್ದು ಮುಖ್ಯವಾಗಿ ಮಣ್ಣಿನಲ್ಲಿ ಪೇರಿಸಿದ ಕಾಡುಗಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಗುಬ್ಬಿಯ ಹಳ್ಳಿಗಳಲ್ಲಿ ಅಂಥ ಕಲ್ಲುಮಣ್ಣಿನ ಗೋಡೆಗಳು ಇನ್ನೂ ನಿಂತಿವೆ.

ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಅತಿ ಸುರಕ್ಷಿತವೆಂದು ಬಣ್ಣ ಬಳಿದ ಜಾಗದಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಅಳಿಸಿ ಎರಡನೆಯದಕ್ಕೆ ಸೇರಿಸಿದರು. ಆ ನಕ್ಷೆಯಲ್ಲಿ ತುಮಕೂರೂ ಎರಡನೆಯ ವಲಯದಲ್ಲೇ ಇದೆ.