ದಾರಿ ಬದಿಯ ಕಲ್ಲಿಗೂ ಒಂದು ಕಥೆಯುಂಟು

ಬಿತ್ತನೆ, ಗೊಬ್ಬರ, ಎಡೆ ಹೊಡೆಯುವುದು, ಈ ಮಾತು ದಿನಾ ಇದ್ದೇ ಇವೆ. ಇಂದು ತುಸು ಬಿಡುವು ಮಾಡಿಕೊಂಡು ದಾರಿ ಹಿಡಿಯೋಣ. ದಾರಿಯಲ್ಲಿ ಸಿಗುವ ಸಣ್ಣ ಊರುಗಳ ಸೋಜಿಗಗಳನ್ನು ನೋಡೋಣ.

ಅತನೂರಿನಲ್ಲಿ ಈ ವಿಷಯ ಎತ್ತಿದಾಗ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಕೇಳಿದರು: “ಏನ್ರೀ ಸಾಹೇಬ್ರ, ರೊಕ್ಕ ಖರ್ಚು ಮಾಡಿ ಕಲ್ಲು ನೋಡ್ಲಾಕ ಯಾರ ಹೋಗ್ತಾರ್ರೀ?”

ಹೋಗುತ್ತಾರೆ. ದೂರದ ಆಸ್ಟ್ರೇಲಿಯಾದಲ್ಲಿ ಗುಂಡಗಾಯ್ ಎಂಬ ಸಣ್ಣ ಊರಿದೆ. ಹಿಂದೆ ಅಲ್ಲಿ ಎತ್ತಿನ ಗಾಡಿಯವರು ಸರಕು ಹೊಡೆಯುತ್ತಿದ್ದರು. ಗಾಡಿ ಕೆಸರಿನಲ್ಲಿ ಹೂತಾಗ ಗಾಡಿಯವನ ನಾಯಿ ಬುತ್ತಿ ಪೆಟ್ಟಿಗೆ ಕಾಯುತ್ತಿತ್ತಂತೆ. ಆ ಕಾಲದ ಜನರ ನೆನಪಿಗೆ 1932ರಲ್ಲಿ ಬುತ್ತಿ ಪೆಟ್ಟಿಗೆಯ ಮೇಲೆ ಕುಳಿತ ನಾಯಿಯ ಪ್ರತಿಮೆ ನಿಲ್ಲಿಸಿದರು. ದೇಶದ ಪ್ರಧಾನಿಯೇ ಬಂದು ಅದನ್ನು ಅನಾವರಣ ಮಾಡಿದರು. ಗೌಲ್ಬರ್ನ್ ಎಂಬುದು ಉಣ್ಣೆಯ ಸೀಮೆ. ಅಲ್ಲಿ 1985ರಲ್ಲಿ ಸುಮಾರು 15 ಮೀಟರ್ ಎತ್ತರದ ಕಾಂಕ್ರೀಟಿನ ಟಗರು ಕಟ್ಟಿದರು. ಮುಂದೆ ಹೆದ್ದಾರಿ ಊರ ಹೊರಗೆ ಹಾಯ್ದು ಜನ ಬರುವುದು ಕಡಿಮೆಯಾಯಿತು. ಅವರು ಸುಮ್ಮನೆ ಕೂಡಲಿಲ್ಲ. 2007ರಲ್ಲಿ ಆ ಟಗರನ್ನೇ ಎತ್ತಿ ಹೆದ್ದಾರಿಯ ಹತ್ತಿರಕ್ಕೆ ತಂದರು!

ಅವರಿಗೆ ನೆನಪನ್ನು ಹೊಸದಾಗಿ ಕಟ್ಟಬೇಕಾಯಿತು. ನಮ್ಮಲ್ಲಿ ಅದು ನೆಲದಲ್ಲೇ ಬಿದ್ದಿದೆ.

ಅತನೂರಿನಿಂದ ಹೊರಟು ಮೊದಲು ದೇವಲ ಗಾಣಗಾಪುರಕ್ಕೆ ಬನ್ನಿ. ಭೀಮಾ, ಅಮರ್ಜಾ ನದಿಗಳು ಕೂಡುವ ಊರು. ಇಲ್ಲಿ ದತ್ತಾತ್ರೇಯ ಪಾದುಕೆಗಳ ದರ್ಶನ ಸಣ್ಣ ಕಿಂಡಿಯಿಂದ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ಮಾಧುಕರಿ ಬೇಡುವ ಪದ್ಧತಿ ನೋಡಿದವರು ಮರೆಯಲಾರರು.

ಅಲ್ಲಿಂದ ಕಲಬುರಗಿ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಊರು. ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಮಸೀದಿಗಳಿಗೆ ನಡುವೆ ತೆರೆದ ಅಂಗಳ ಇರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಪೂರಾ ಮಾಡು ಮುಚ್ಚಿದೆ. ಅದೇ ಕೋಟೆಯಲ್ಲಿ 29 ಅಡಿ ಉದ್ದದ ತೋಪೂ ಉಂಟು.

ಇನ್ನು ವಾಡಿ, ನಾಲವಾರದ ಕಡೆ ಹೊರಟು ಸನ್ನತಿ ಸೇರಿರಿ. ನಮ್ಮ ಅಫಜಲಪುರ ಸೀಮೆಯಲ್ಲಿ ಹರಿದ ಭೀಮೆಯೇ ಇಲ್ಲಿಯೂ ಹರಿಯುತ್ತಾಳೆ. ಚಂದ್ರಲಾಂಬೆಯ ಗುಡಿಯನ್ನು ಬಹಳ ಮಂದಿ ಬಲ್ಲರು. ಆ ಆವರಣದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಕಲ್ಲುಮಣ್ಣು ತೆಗೆದು ನೋಡಿದರೆ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ತುಂಬ ಅಕ್ಷರ! ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನ.

ಅದರಲ್ಲಿ ಏನಿದೆ? ಬೇರೆಯವರ ಮತವನ್ನು ಹಳಿಯಬೇಡಿರಿ, ಮಾತಿನಲ್ಲಿ ಹಿಡಿತವಿರಲಿ ಎಂಬ ಬುದ್ಧಿ ಇದೆ. ಪ್ರಜೆಗಳೆಲ್ಲ ತನ್ನ ಮಕ್ಕಳಿದ್ದಂತೆ, ಅವರಿಗೆ ಅನ್ಯಾಯವಾಗದಂತೆ ನಡೆಯಿರಿ ಎಂದು ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆಯೂ ಇದೆ. ನಮ್ಮಂಥ ಅಧಿಕಾರಿಗಳು ಇಂದಿಗೂ ಓದಬೇಕಾದ ಮಾತು.

ಆದರೆ ಒಂದು ನಷ್ಟ ಆಗಿಹೋಗಿದೆ. ಎಂದೋ ಯಾರೋ ಮೂರ್ತಿ ಕೂಡಿಸಲು ಆ ಕಲ್ಲಿನ ನಡುವೆ ತೂತು ಕೊರೆದರು. ಅಲ್ಲಿದ್ದ ಅಕ್ಷರ ಹೋಗಿಯೇ ಹೋದವು. ಅವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿದರು. ಕಲ್ಲು ಏನು ಹೇಳುತ್ತದೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಅಗೆತ ನಡೆದು ದೊಡ್ಡ ಬೌದ್ಧ ಸ್ತೂಪ ಹೊರಬಿತ್ತು. ಅಲ್ಲಿನ ಒಂದು ಶಿಲ್ಪದಲ್ಲಿ ರಾಜ, ರಾಣಿ, ಪರಿವಾರ ಇದ್ದಾರೆ. ಮೇಲೆ ‘ರಾಯ ಅಸೋಕ’ ಎಂದು ಹೆಸರನ್ನೇ ಕೆತ್ತಿದ್ದಾರೆ. ಅಶೋಕನ ಹೆಸರು ಬರೆದ ಅಶೋಕನ ಚಿತ್ರ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ!

ಬಂಧುಗಳೇ, ನಿಮ್ಮ ಹೊಲದ ಬದುವಿನಲ್ಲಿ ವೀರಗಲ್ಲು ಇದ್ದೀತು. ಬಾವಿ ತೋಡುವಾಗ, ಒಡ್ಡು ಹಾಕುವಾಗ, ಟ್ರ್ಯಾಕ್ಟರಿನಿಂದ ಆಳ ಉಳುವಾಗ ಅಕ್ಷರದ ಕಲ್ಲು ಸಿಕ್ಕೀತು. ಕೆಲವರು ಕೆಳಗೆ ನಿಧಿ ಇದೆಯೆಂದು ಅದನ್ನು ಒಡೆಯುತ್ತಾರೆ. ಕೆಲವರು ಮೆಟ್ಟಿಲಿಗೆ ಹಾಸುತ್ತಾರೆ. ಇನ್ನು ಕೆಲವರು “ಸರಕಾರದವ್ರು ಹೊಲಾನೇ ಕಸಗೊಂಡ್ರೆ?” ಎಂದು ಅಂಜಿ ಮುಚ್ಚಿಡುತ್ತಾರೆ. ಈ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಕನಗನಹಳ್ಳಿಯಂಥ ದೊಡ್ಡ ಅವಶೇಷ ಸಿಕ್ಕ ಕಡೆ ಜಾಗಕ್ಕೆ ಕಟ್ಟುಪಾಡು ಬರುತ್ತವೆ. ಆದರೆ ಬದುವಿನ ಒಂದು ವೀರಗಲ್ಲಿಗೆ, ಒಂದು ಶಾಸನಕ್ಕೆ ಹೊಲ ಹೋಗುವುದು ವಾಡಿಕೆಯಲ್ಲ. ಎಷ್ಟೋ ಕಲ್ಲುಗಳು ಇಂದಿಗೂ ಹೊಲಗಳಲ್ಲೇ ನಿಂತಿವೆ, ಸುತ್ತಲೂ ಜೋಳ ಬೆಳೆಯುತ್ತಿದೆ.

ಆದ್ದರಿಂದ ಇಷ್ಟು ಮಾಡಿರಿ. ಅಂಥ ಕಲ್ಲು ಕಂಡರೆ ಗುದ್ದಲಿ ನಿಲ್ಲಿಸಿರಿ. ಕಲ್ಲನ್ನು ಎತ್ತಬೇಡಿರಿ, ಉಜ್ಜಬೇಡಿರಿ. ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಹೊಲದ ಸರ್ವೆ ನಂಬರು ಬರೆದು ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿರಿ. ಊರಿನ ಹಿರಿಯರು ಅದರ ಬಗ್ಗೆ ಹೇಳುವ ಕಥೆಯನ್ನು ಶಾಲೆಯ ಮಕ್ಕಳಿಂದ ಬರೆಯಿಸಿ ಇಡಿರಿ.

ಬರುವ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ರೊಟ್ಟಿಬುತ್ತಿ ಕಟ್ಟಿಕೊಂಡು ಸನ್ನತಿಗೆ ಹೋಗಿ ಬನ್ನಿರಿ. ತಿರುಗಿ ಬಂದ ಮೇಲೆ ನಿಮ್ಮ ಬದುವಿನ ಕಲ್ಲನ್ನೂ ಒಮ್ಮೆ ನಿಂತು ನೋಡಿರಿ.