ಮೊಂಡು ಬ್ಲೇಡಿನ ಕಾಲ

ಜಾರ್ಜ್ ಆರ್ವೆಲ್‌ನ ‘1984’ ಓದಿದವರಿಗೆ ಬಿಗ್ ಬ್ರದರ್ ನೆನಪಿರುತ್ತಾನೆ, ಗೋಡೆಯ ಮೇಲಿನ ಟೆಲಿಸ್ಕ್ರೀನ್ ನೆನಪಿರುತ್ತದೆ. ಬ್ಲೇಡು ನೆನಪಿರುವುದು ಕಡಿಮೆ. ಆ ರಾಜ್ಯದಲ್ಲಿ ದಿನಬಳಕೆಯ ಏನಾದರೊಂದು ಸಾಮಾನು ಸದಾ ಅಂಗಡಿಯಿಂದ ಮಾಯವಾಗಿರುತ್ತದೆ. ಕಥೆ ಶುರುವಾಗುವ ಹೊತ್ತಿಗೆ ಸಿಗದೆ ಹೋಗಿರುವುದು ಗಡ್ಡ ಹೆರೆಯುವ ಬ್ಲೇಡು. ಆರು ವಾರಗಳಿಂದ ಒಂದೇ ಬ್ಲೇಡಿನಲ್ಲಿ ಮುಖ ಕೆರೆದುಕೊಳ್ಳುತ್ತಿದ್ದೇನೆ ಎಂದು ವಿನ್ಸ್ಟನ್ ಸ್ಮಿತ್ ಹೇಳಿಕೊಳ್ಳುತ್ತಾನೆ, ಅದು ನಿಜವಲ್ಲ. ಸಹೋದ್ಯೋಗಿಯೊಬ್ಬ ಕೇಳಿದಾಗ ತನ್ನ ಬಳಿ ಇಲ್ಲವೆಂದು ಸುಳ್ಳು ಹೇಳುತ್ತಾನೆ, ಎರಡು ಹೊಸ ಬ್ಲೇಡು ಬಚ್ಚಿಟ್ಟುಕೊಂಡಿರುತ್ತಾನೆ. ಮುಂದೆ ಹಳೇ ಸಾಮಾನಿನ ಅಂಗಡಿಯೊಳಗೆ ಕಾಲಿಡುವಾಗ, ಯಾರಾದರೂ ಹಿಡಿದು ಕೇಳಿದರೆ ಹೇಳಲೆಂದು ಅವನು ಇಟ್ಟುಕೊಳ್ಳುವ ನೆಪವೂ ಬ್ಲೇಡಿನದೇ.

ಕಾದಂಬರಿ ಲಂಡನ್ನಿನಲ್ಲಿ ಪ್ರಕಟವಾದದ್ದು 1949ರ ಜೂನ್ 8ರಂದು. ಅದೇ ವರ್ಷದ ನವೆಂಬರ್ 4ರಂದು ಜೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ ಕಾರೆಲ್ ಡ್ರಬಲ್ ಎಂಬ ರೇಡಿಯೋ ಎಂಜಿನಿಯರ್ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. ಯುದ್ಧೋತ್ತರ ಕಾಲದ ದಿನಬಳಕೆಯ ವಸ್ತುಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಚಟ ಹತ್ತಿಬಿಟ್ಟಿದೆ.

ಡ್ರಬಲ್‌ನ ಉಪಕರಣ ಹದಿನೈದು ಸೆಂಟಿಮೀಟರ್ ಎತ್ತರದ ಒಂದು ರಟ್ಟಿನ ಪಿರಮಿಡ್ಡು. ಈಜಿಪ್ಟಿನ ಖೂಫು ಪಿರಮಿಡ್ಡಿನ ಅಳತೆಯ ಅನುಪಾತದಲ್ಲೇ ಇರಬೇಕು. ಅದರೊಳಗೆ, ಎತ್ತರದ ಮೂರನೇ ಒಂದು ಭಾಗದಲ್ಲಿ, ಬಳಸಿದ ಬ್ಲೇಡನ್ನು ಉತ್ತರ ದಕ್ಷಿಣವಾಗಿ ಮಲಗಿಸಬೇಕು. ಮಾರನೆಯ ಬೆಳಿಗ್ಗೆ ಅದು ಮತ್ತೆ ಹರಿತವಾಗಿರುತ್ತದಂತೆ. ಒಂದೇ ಬ್ಲೇಡಿನಲ್ಲಿ ಹತ್ತಾರು ಸಲ, ಕೆಲವೊಮ್ಮೆ ನೂರು ದಾಟಿ ಗಡ್ಡ ಮಾಡಿಕೊಂಡೆ ಎಂದು ಅವನು ಹೇಳಿಕೊಂಡ. ಅರ್ಜಿ ಸರ್ಕಾರಿ ಕಚೇರಿಯಲ್ಲಿ ಹತ್ತು ವರ್ಷ ಕೂತಿತು. 1959ರಲ್ಲಿ 91304ನೇ ಸಂಖ್ಯೆಯ ಪೇಟೆಂಟಾಗಿ ಹೊರಬಂತು.

ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗುವಂಥದ್ದೇ. ಆದರೆ ನಕ್ಕು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬಳಸಿ ಬಿಸಾಡಲೆಂದೇ ಹುಟ್ಟಿದ ವಸ್ತುವನ್ನು ಉಳಿಸಿಕೊಳ್ಳಲು ಒಬ್ಬ ಎಂಜಿನಿಯರ್ ಹತ್ತು ವರ್ಷ ಕಾದದ್ದು ಏಕೆ?

ಬಿಸಾಡುವ ಬ್ಲೇಡಿನ ಕಥೆ ಕಿಂಗ್ ಕ್ಯಾಂಪ್ ಜಿಲೆಟ್‌ನದು. ಅವನು ಬಾಟಲಿ ಮುಚ್ಚಳ ಮಾರುವ ಕಂಪನಿಯ ಸೇಲ್ಸ್‌ಮನ್. ಒಮ್ಮೆ ಬಳಸಿ ಎಸೆಯುವಂಥದ್ದೇನಾದರೂ ಕಂಡುಹಿಡಿ, ಗಿರಾಕಿ ತಾನಾಗಿ ಮತ್ತೆ ಬರುತ್ತಾನೆ ಎಂದು ಅವನಿಗೆ ಬುದ್ಧಿ ಹೇಳಿದವನು ಆ ಮುಚ್ಚಳವನ್ನು ರೂಪಿಸಿದ ವಿಲಿಯಂ ಪೇಂಟರ್. ಅದುವರೆಗೆ ಕ್ಷೌರದ ಕತ್ತಿ ಎಂದರೆ ವರ್ಷಗಟ್ಟಲೆ ಬಾಳುವ ಸಾಮಾನು. ದಿನವೂ ಚರ್ಮದ ಪಟ್ಟಿಗೆ ತೀಡಬೇಕು, ಆಗಾಗ ಸಾಣೆ ಹಿಡಿಸಬೇಕು. ತೆಳ್ಳನೆಯ ತಗಡಿಗೆ ಆ ಹರಿತ ಬರುವುದೇ ಇಲ್ಲ ಎಂದು ಉಕ್ಕು ಬಲ್ಲವರು ಕೈಯಾಡಿಸಿಬಿಟ್ಟಿದ್ದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದಕ್ಕೆ ಯಂತ್ರಗಳನ್ನು ಕಟ್ಟಿಕೊಟ್ಟ. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳೇ ತೊಂಬತ್ತು ಸಾವಿರ. ಮೊದಲನೆಯ ಮಹಾಯುದ್ಧಕ್ಕೆ ಅಮೆರಿಕದ ಸೇನೆ ಸುಮಾರು 35 ಲಕ್ಷ ರೇಜರು ಕೊಂಡಿತು. ಇನ್ನು ತೀಡುವ ಕೆಲಸವೂ ಇಲ್ಲ, ಸಾಣೆಯ ಕೆಲಸವೂ ಇಲ್ಲ ಎಂಬುದೇ ಜಾಹೀರಾತಿನ ಭರವಸೆ.

ಜಿಲೆಟ್‌ನ ಇನ್ನೊಂದು ಮುಖ ಅಷ್ಟು ಪ್ರಸಿದ್ಧವಲ್ಲ. ಬ್ಲೇಡಿನ ಯೋಚನೆ ಹೊಳೆಯುವ ಮೊದಲೇ, 1894ರಲ್ಲಿ, ಅವನು ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ವ್ಯಾಪಾರದ ಸ್ಪರ್ಧೆಯೇ ಎಲ್ಲ ಕೆಡುಕಿನ ಮೂಲ, ಜನರಿಗೆ ಬೇಕಾದ ಸಕಲವನ್ನೂ ಜನರದೇ ಆದ ಒಂದೇ ಒಂದು ಮಹಾಸಂಸ್ಥೆ ತಯಾರಿಸಬೇಕು, ನಯಾಗರಾ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದು ಮಹಾನಗರದಲ್ಲಿ ಬಹುಪಾಲು ಅಮೆರಿಕನ್ನರು ಬಾಳಬೇಕು ಎಂಬ ಕನಸು ಅದು. ಕೋಟ್ಯಧೀಶನಾದ ಮೇಲೂ ಅವನು ಇದನ್ನು ಬಿಡಲಿಲ್ಲ. ಇಂಥ ಒಂದು ಸಂಸ್ಥೆ ಕಟ್ಟಹೊರಟು ಅದರ ಅಧ್ಯಕ್ಷ ಪದವಿಯನ್ನು ಹತ್ತು ಲಕ್ಷ ಡಾಲರ್ ಸಂಬಳಕ್ಕೆ ಥಿಯೋಡರ್ ರೂಸ್‌ವೆಲ್ಟ್‌ಗೆ ಕೊಡಲು ಹೋದ. ರೂಸ್‌ವೆಲ್ಟ್ ಒಪ್ಪಲಿಲ್ಲ.

ಜಿಲೆಟ್ 1932ರಲ್ಲಿ ತೀರಿಕೊಂಡ. ಹದಿನಾರು ವರ್ಷಗಳ ನಂತರ, 1948ರ ಫೆಬ್ರುವರಿಯಲ್ಲಿ, ಜೆಕೊಸ್ಲೊವಾಕಿಯದಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿಯಿತು. ಕಾರ್ಖಾನೆಗಳೆಲ್ಲ ಸರ್ಕಾರದ ಕೈಗೆ ಬಂದವು. ಒಂದೇ ಒಡೆತನ, ಸ್ಪರ್ಧೆ ಇಲ್ಲ. ಅವನ ಕನಸು ಬೇರೊಂದು ಬಾವುಟದ ಕೆಳಗೆ ನನಸಾದ ಹಾಗೆ. ಅಲ್ಲಿಯೇ ಅವನ ಬ್ಲೇಡನ್ನು ಬಿಸಾಡಲಾಗದೆ ಒಬ್ಬ ರಟ್ಟು ಕತ್ತರಿಸಿ ಪಿರಮಿಡ್ಡು ಅಂಟಿಸುತ್ತಿದ್ದ.

ಮೊಂಡಾಗುವುದು ಎಂದರೇನು ಎಂಬುದು ಚೆನ್ನಾಗಿ ತಿಳಿದದ್ದು ತೀರಾ ಈಚೆಗೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಅಂಥದ್ದು ಉಕ್ಕನ್ನು ಹೇಗೆ ಸೋಲಿಸುತ್ತದೆ? ಅಮೆರಿಕದ ಎಂಐಟಿಯಲ್ಲಿ ನನ್ನ ಹಾಗೆಯೇ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದ ಜಾನ್‌ಲೂಕಾ ರೊಷ್ಯೋಲಿ ತನ್ನದೇ ಗಡ್ಡ ಬೋಳಿಸಿಕೊಂಡು, ಪ್ರತಿ ಸಲವೂ ಆ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. (ಇಂಥ ವಿಷಯ ಸಿಗುವ ಅದೃಷ್ಟ ಎಲ್ಲರಿಗಿಲ್ಲ.) 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಉತ್ತರ ಹೀಗಿದೆ: ಅಲಗು ಸವೆದು ದುಂಡಗಾಗುವುದಕ್ಕಿಂತ ಮುಖ್ಯವಾಗಿ ಅದರ ಅಂಚು ಚೂರುಚೂರೇ ಮುರಿಯುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಎಲ್ಲಿ ಒಂದೇ ಸಮ ಇಲ್ಲವೋ ಅಲ್ಲಿ ಸೀಳು ಹುಟ್ಟುತ್ತದೆ. ಎಂದರೆ, ಉಕ್ಕು ಏಕಸಮವಾಗಿಲ್ಲದ ಬ್ಲೇಡಿಗೆ ಹೊಸದಾಗಿದ್ದಾಗಲೇ ಅದರ ಆಯುಸ್ಸು ಬರೆದಿಟ್ಟಿರುತ್ತದೆ.

ನಮ್ಮ ತಾತ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ ಅತ್ತಿತ್ತ ಉಜ್ಜುತ್ತಿದ್ದರು. ಇದು ನಮ್ಮೂರಿನ ವಿದ್ಯೆಯೇನಲ್ಲ, ಯುದ್ಧಕಾಲದ ಬ್ರಿಟನ್ನಿನ ಮನೆಗಳಲ್ಲೂ ಇದನ್ನೇ ಮಾಡುತ್ತಿದ್ದರು. ಮುರಿದ ಚೂರನ್ನು ಲೋಟ ತಂದುಕೊಡುವುದಿಲ್ಲ, ಆದರೆ ಒಂದು ಕಡೆಗೆ ಮಡಚಿಕೊಂಡ ಅಂಚನ್ನು ನೆಟ್ಟಗೆ ಮಾಡುತ್ತದೆ. ಎರಡು ಮೂರು ದಿನದ ಮಟ್ಟಿಗೆ ಅದು ಸಾಕು. ಆಮೇಲೆ ಆ ಬ್ಲೇಡು ಎರಡು ಹೋಳಾಗಿ ಮಕ್ಕಳ ಪೆನ್ಸಿಲ್ ಹೆರೆಯಲು ಬರುತ್ತಿತ್ತು. ಬಿಸಾಡುವ ಮಾತು ಅದರ ನಂತರ.

ಪಿರಮಿಡ್ಡಿನ ವಿಚಾರದಲ್ಲಿ ನನಗೆ ತೋಚುವುದು ಇಷ್ಟು. ಆಗಿನ ಬ್ಲೇಡುಗಳು ಕಾರ್ಬನ್ ಉಕ್ಕಿನವು. ಒದ್ದೆಯಾಗಿ ಬಿಟ್ಟರೆ ಒಂದೇ ರಾತ್ರಿಯಲ್ಲಿ ಅವುಗಳ ಅಂಚಿಗೆ ತುಕ್ಕು ಹತ್ತುತ್ತದೆ, ಕಣ್ಣಿಗೆ ಕಾಣದಿದ್ದರೂ ಕೆನ್ನೆಗೆ ಗೊತ್ತಾಗುತ್ತದೆ. ಬ್ಲೇಡನ್ನು ರೇಜರಿನಿಂದ ಬಿಚ್ಚಿ, ಒರೆಸಿ, ಒಣ ಜಾಗದಲ್ಲಿ ಶ್ರದ್ಧೆಯಿಂದ ಮಲಗಿಸುವವನ ಬ್ಲೇಡು ಹಾಗೆ ಮಾಡದವನದಕ್ಕಿಂತ ಹೆಚ್ಚು ದಿನ ಬರಲೇಬೇಕು. ಅದಕ್ಕೆ ಖೂಫು ಬೇಕಿಲ್ಲ, ಬೆಂಕಿಪೊಟ್ಟಣವೂ ಆದೀತು. ಆದರೆ ಬೆಂಕಿಪೊಟ್ಟಣಕ್ಕೆ ಯಾರು ಪೇಟೆಂಟ್ ಕೊಡುತ್ತಾರೆ? ಹಾಗಾಗಿ 91304ನ್ನು ನಾನು ವಿಜ್ಞಾನದ ಕಾಗದವೆಂದು ಓದುವುದಿಲ್ಲ, ಅಂಗಡಿಯ ಖಾಲಿ ಕಪಾಟಿನ ದಾಖಲೆಯೆಂದು ಓದುತ್ತೇನೆ. ಕೊರತೆಯ ಬಗ್ಗೆ ಸರ್ಕಾರದ ಅಂಕಿಅಂಶಗಳು ಹೇಳದ್ದನ್ನು ಇಂಥ ಕಾಗದಗಳು ಹೇಳಿಬಿಡುತ್ತವೆ.

ಇಷ್ಟಕ್ಕೇ ಸಮಾಜವಾದವನ್ನು ಗೇಲಿ ಮಾಡಿ ಎದ್ದುಹೋಗುವವರಿದ್ದಾರೆ. ಅವರು ಇನ್ನೊಂದು ಕಥೆಯನ್ನೂ ಕೇಳಬೇಕು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬ್ಲೇಡು ಮಾಡುವ ಶಕ್ತಿ ಜಿಲೆಟ್ ಕಂಪನಿಗೆ ಇತ್ತು. ಅದಕ್ಕೆ ಬೇಕಾದ ಲೇಪನದ ಪೇಟೆಂಟೂ ಅದರ ಕೈಯಲ್ಲೇ ಇತ್ತು. ಆದರೆ ಹೆಚ್ಚು ದಿನ ಬಾಳುವ ಬ್ಲೇಡು ಎಂದರೆ ಕಡಿಮೆ ಮಾರಾಟ. ಮಾರುಕಟ್ಟೆಯ ಬಹುಪಾಲು ತನ್ನ ಹಿಡಿತದಲ್ಲಿದ್ದುದರಿಂದ ಅದಕ್ಕೆ ಅವಸರವೇ ಇರಲಿಲ್ಲ. 1962ರಲ್ಲಿ ಆ ಬ್ಲೇಡನ್ನು ಅಮೆರಿಕದ ಪೇಟೆಗೆ ತಂದದ್ದು ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್, ಕತ್ತಿ ಮತ್ತು ತೋಟದ ಹತಾರ ಮಾಡುತ್ತಿದ್ದ ಸಣ್ಣ ಕಂಪನಿ. ಜನ ಮುಗಿಬಿದ್ದರು. ಜಿಲೆಟ್ ತನ್ನದನ್ನು ಹೊರತಂದದ್ದು ಮರುವರ್ಷ, ಗಿರಾಕಿಗಳು ಕೈತಪ್ಪಿದ ಮೇಲೆ.

ಡ್ರಬಲ್‌ನ ಹೆಸರು ಪಶ್ಚಿಮ ದೇಶಗಳಲ್ಲಿ ಹಬ್ಬಿದ್ದು 1970ರ ದಶಕದಲ್ಲಿ, ಪಿರಮಿಡ್ ಶಕ್ತಿಯ ಹುಚ್ಚು ಎದ್ದಾಗ. ಅಮೆರಿಕನ್ನರು ದುಡ್ಡು ಕೊಟ್ಟು ಪಿರಮಿಡ್ಡುಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡರು. ಆ ಹೊತ್ತಿಗೆ ಅವರ ಬೀದಿಯ ಅಂಗಡಿಯಲ್ಲಿ ಸ್ಟೇನ್‌ಲೆಸ್ ಬ್ಲೇಡು ಬೇಕಾದಷ್ಟು ಸಿಗುತ್ತಿತ್ತು.